ಅಡುಗೆಮನೆಯ ನೆಲ

ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ನವೀಕರಿಸಬೇಕೆಂದು ಮಗ ಹಠ ಹಿಡಿದಿದ್ದಾನೆ. ಕಳೆದ ವಾರ ಗಾರೆ ಕೆಲಸದವರು ಬಂದು, ಬಿರುಕು ಬಿಟ್ಟ ಕೆಂಪು ನೆಲವನ್ನು ಸರಳಿನಿಂದ ತಟ್ಟಿ ನೋಡಿ, "ಇದನ್ನು ಅಗೆದು ತೆಗೆಯಬೇಕು ಮೇಷ್ಟ್ರೇ, ಮೇಲೆ ಏನು ಹಾಕೋಣ?" ಎಂದು ಕೇಳಿದರು. ದಶಕಗಳ ಕಾಲ ಚರಿತ್ರೆಯ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕಾಲ ಕೆಳಗಿನ ನೆಲಕ್ಕೂ ಒಂದು ಚರಿತ್ರೆಯಿದೆ ಎಂಬುದು ಹೊಳೆದದ್ದು ಆಗಲೇ.

ನನ್ನ ಬಾಲ್ಯದ ಮೊದಲ ನೆನಪು ಸಗಣಿ ಸಾರಿಸಿದ ನೆಲದ್ದು. ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ. ಬಿರುಕು ಬಿಟ್ಟರೆ ಮರುದಿನವೇ ಮುಚ್ಚಬಹುದಿತ್ತು, ಜಾರುವ ಭಯವಿರಲಿಲ್ಲ. ಹಣದ ಲೆಕ್ಕದಲ್ಲಿ ಅಗ್ಗವಾದ ಆ ನೆಲಕ್ಕೆ ನಿಜವಾಗಿ ಬೆಲೆ ತೆತ್ತದ್ದು ಅಜ್ಜಿಯ ಮತ್ತು ಅಮ್ಮನ ಬೆನ್ನು.

ಅನುಕೂಲವುಳ್ಳವರು ತಮ್ಮ ಸೀಮೆಯಲ್ಲಿ ದೊರೆತದ್ದನ್ನು ಹಾಸಿದರು. ಕಲಬುರಗಿಯ ಕಡೆ ಶಹಾಬಾದ್ ಕಲ್ಲು, ಬಳ್ಳಾರಿ, ಕೋಲಾರಗಳ ಕಡೆ ನೆರೆಯ ಆಂಧ್ರದ ಕಡಪಾ ಕಲ್ಲು. ಕರಾವಳಿಯಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮಾಡಿನ ಹಂಚಿನ ಜೊತೆಗೆ ಸುಟ್ಟ ಮಣ್ಣಿನ ನೆಲಹಂಚೂ ಮನೆಗಳಿಗೆ ಬಂದಿತು. ಶಹಾಬಾದ್, ಕಡಪಾ ಎರಡೂ ಸುಣ್ಣದ ಕಲ್ಲುಗಳು. ಆಮ್ಲ ತಗುಲಿದರೆ ಸುಣ್ಣದ ಕಲ್ಲು ಕರಗುತ್ತದೆಂಬುದು ಪ್ರೌಢಶಾಲೆಯ ಪಾಠ. ಅಡುಗೆಮನೆಯಲ್ಲಾದರೋ ಹುಣಸೆ, ನಿಂಬೆ, ಮಜ್ಜಿಗೆ ಚೆಲ್ಲದ ದಿನವುಂಟೇ? ಕಪ್ಪು ಕಡಪಾ ಕಲ್ಲಿನ ಮೇಲೆ ಮೂಡುವ ಬೂದು ಕಲೆ ಕೊಳೆಯಲ್ಲ, ಸವೆತ. ಎಷ್ಟು ತಿಕ್ಕಿದರೂ ಅದು ಹೋಗದು.

ಅನಂತರ ಬಂದದ್ದು ಸಿಮೆಂಟಿನ ಯುಗ. ವಿದೇಶೀ ಹಾಸುಗಳಿಗೆ ಬದಲಾಗಿ ಸ್ವದೇಶಿ ಸಿಮೆಂಟ್ ಟೈಲ್ ತಯಾರಿಸಲು 1922ರಲ್ಲಿ ಮುಂಬಯಿಯಲ್ಲಿ ಭಾರತ್ ಟೈಲ್ಸ್ ಆರಂಭವಾಯಿತು. ನಮ್ಮಂಥ ಸಾಮಾನ್ಯರ ಮನೆಗೆ ಬಂದದ್ದು ಮಾತ್ರ ಕೆಂಪು ಗಾರೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ತೆಳ್ಳಗೆ ಹರಡಿ, ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸಿ, ದಿನಗಟ್ಟಲೆ ನೀರು ನಿಲ್ಲಿಸಿ ಹದ ಮಾಡುವ ಕುಶಲಕಲೆ ಅದು.

1968ರಲ್ಲಿ ನಮ್ಮ ತಂದೆಯವರು ಅಡುಗೆಮನೆಗೆ ಈ ನೆಲ ಹಾಕಿಸಿದಾಗ ನೆರೆಹೊರೆಯವರೆಲ್ಲ ಬಂದು ನೋಡಿ ಹೋದರು. ಮುಖ ಕಾಣುವಷ್ಟು ಹೊಳಪು. ಆ ವರ್ಷದ ಮಳೆಗಾಲದಲ್ಲೇ ಅಮ್ಮ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿಕೊಂಡರೂ ಕೈ ಕೊನೆಯವರೆಗೂ ಸೊಟ್ಟಗೇ ಉಳಿಯಿತು. ಬಳಿಕ ಆಕೆ ಒಲೆಯ ಮುಂದೆ ಗೋಣಿತಟ್ಟು ಹಾಸಿಕೊಂಡಳು. ನೆಲದ ಅಂದ ಮರೆಯಾಗುತ್ತದೆಂದು ತಂದೆಯವರು ಗೊಣಗುತ್ತಿದ್ದರು. ಎಂಥ ನೆಲ ಬೇಕೆಂದು ಅಮ್ಮನನ್ನು ಕೇಳಿದವರು ಯಾರೂ ಇರಲಿಲ್ಲ. ನನಗೂ ಅದು ತಪ್ಪೆಂದು ತೋರಲು ಐವತ್ತು ವರ್ಷ ಬೇಕಾಯಿತು.

ಅಂದು ನೆಲವೇ ಅಡುಗೆಯ ಮೇಜು. ಈಳಿಗೆಮಣೆ, ಹೂತಿಟ್ಟ ಒರಳು, ಊಟದ ಎಲೆ ಎಲ್ಲವೂ ನೆಲದ ಮೇಲೆಯೇ. ಗ್ಯಾಸ್ ಒಲೆ ಬಂದ ಮೇಲೆ ಅಡುಗೆ ಕಟ್ಟೆಯನ್ನೇರಿತು. ಕುಳಿತು ದುಡಿಯುತ್ತಿದ್ದವರು ನಿಂತು ದುಡಿಯತೊಡಗಿದರು. ಆದರೆ ನೆಲವನ್ನು ಆರಿಸುವವರ ಕಣ್ಣು ಬದಲಾಗಲಿಲ್ಲ. ಮೊಸಾಯಿಕ್ ಬಂದಿತು, ಗ್ರಾನೈಟ್ ಬಂದಿತು, ಈಗ ವಿಟ್ರಿಫೈಡ್ ಟೈಲ್. ಸುಮಾರು 1200 ಡಿಗ್ರಿ ಶಾಖದಲ್ಲಿ ಬೆಂದ ಈ ಹಾಸು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಹುಳಿಗೂ ಅಂಜುವುದಿಲ್ಲ. ನಯವಾದ ಹೊಳಪು ಕೊಟ್ಟರೆ ಮಾತ್ರ ಒದ್ದೆಯಾದಾಗ ಅದೂ ಜಾರುಬಂಡೆಯೇ.

ಮಗ ತೋರಿಸಿದ್ದು ಅಂಥದೇ ಬಿಳಿಯ ಹೊಳೆವ ಟೈಲು. ಈ ಬಾರಿ ನಾನು ಮಡದಿಯನ್ನು ಕೇಳಿದೆ. ಮಂಡಿನೋವಿನ ಆಕೆ ಕ್ಷಣವೂ ಯೋಚಿಸದೆ ಹೇಳಿದಳು: "ಒದ್ದೆಯಾದರೆ ಜಾರಬಾರದು, ಬಿದ್ದ ಸಾಸಿವೆ ಕಣ್ಣಿಗೆ ಕಾಣಬೇಕು. ಅಷ್ಟೇ." ಉತ್ತರ ಆಕೆಯ ಬಳಿ ಯಾವಾಗಿನಿಂದಲೋ ಸಿದ್ಧವಿತ್ತು, ಕೇಳುವವರಿರಲಿಲ್ಲ.

ಹೊಳಪಿಲ್ಲದ, ತುಸು ತರಿಯಾದ ತಿಳಿಬಣ್ಣದ ಟೈಲ್ ಎಂದು ನಿರ್ಧಾರವಾಗಿದೆ. ಒರಳಿನ ಸುತ್ತಲಿನ ಒಂದು ಚದರ ಮೊಳ ಕೆಂಪು ನೆಲವನ್ನು ಅಗೆಯಬೇಡಿರೆಂದು ಹೇಳಿದ್ದೇನೆ. ಅದನ್ನು ಉಳಿಸಿಕೊಳ್ಳುವುದು ಹೊಳಪಿನ ನೆನಪಿಗಲ್ಲ, ಅಮ್ಮನ ಸೊಟ್ಟ ಮಣಿಕಟ್ಟಿನ ನೆನಪಿಗೆ.