ನೋಡುವವನ ಪಾಲು

೧೯೬೦ರಲ್ಲಿ ಮನೋವಿಕಾರಕ್ಕೆ ತುತ್ತಾದ ಕೊಲೆಗಾರರನ್ನು ಕುರಿತ ಎರಡು ಚಲನಚಿತ್ರಗಳು ತೆರೆಗೆ ಬಂದವು. ಒಂದು, ಅಮೆರಿಕದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ಸೈಕೊ’. ಇನ್ನೊಂದು, ಇಂಗ್ಲೆಂಡಿನಲ್ಲಿ ಮೈಕೆಲ್ ಪೊವೆಲ್ ನಿರ್ದೇಶಿಸಿದ ‘ಪೀಪಿಂಗ್ ಟಾಮ್’. ಮೊದಲನೆಯದು ಅಪಾರ ಹಣ ಗಳಿಸಿತು. ಎರಡನೆಯದನ್ನು ಲಂಡನ್ನಿನ ವಿಮರ್ಶಕರು ಉಗ್ರವಾಗಿ ಖಂಡಿಸಿದರು. ಚಿತ್ರವು ಬೇಗನೆ ಮರೆಯಾಯಿತು, ಪೊವೆಲ್ಲರ ವೃತ್ತಿಜೀವನಕ್ಕೂ ಭಾರಿ ಪೆಟ್ಟು ಬಿದ್ದಿತು.

ಇದಕ್ಕೆ ರಕ್ತಪಾತವೇ ಕಾರಣವೆನ್ನುವಂತಿಲ್ಲ. ‘ಸೈಕೊ’ದ ಸ್ನಾನಗೃಹದ ಕೊಲೆಯಲ್ಲಿ ಚೂರಿಯೂ ಉಂಟು, ನೆತ್ತರೂ ಉಂಟು, ಪೊವೆಲ್ಲರ ಚಿತ್ರದಲ್ಲಿ ನೆತ್ತರು ಕಾಣುವುದೇ ವಿರಳ. ಭೇದವಿರುವುದು ಶೈಲಿಯಲ್ಲಿ. ಹಿಚ್‌ಕಾಕರ ಕೊಲೆಯ ದೃಶ್ಯದಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ತುಣುಕುಗಳೂ ಬರ್ನಾರ್ಡ್ ಹರ್ಮನ್ನರ ತಂತಿವಾದ್ಯಗಳ ಚೀರುದನಿಯೂ ಪ್ರೇಕ್ಷಕನನ್ನು ಬೆಚ್ಚಿಬೀಳಿಸುತ್ತವೆ. ಬೆಚ್ಚಿದವನಿಗೆ ತನ್ನನ್ನು ತಾನು ವಿಚಾರಿಸಿಕೊಳ್ಳಲು ವ್ಯವಧಾನವೆಲ್ಲಿ? ‘ಪೀಪಿಂಗ್ ಟಾಮ್’ನ ಕೊಲೆಗಾರನಾದರೋ, ಸಾಯುವವರ ಭಯವನ್ನು ಚಿತ್ರೀಕರಿಸಿಕೊಂಡು ಕತ್ತಲಕೋಣೆಯಲ್ಲಿ ಕುಳಿತು ನೋಡುವವನು. ಮೊದಲ ಕೊಲೆಯನ್ನು ಅವನ ಕ್ಯಾಮೆರಾದ ಕಣ್ಣಿನಿಂದಲೇ ನಾವೂ ನೋಡುತ್ತೇವೆ. ಹಣ ಕೊಟ್ಟು ಕತ್ತಲಲ್ಲಿ ಕುಳಿತ ನಮಗೂ ಅವನಿಗೂ ಎಷ್ಟು ಅಂತರವೆಂಬುದೇ ಆ ಚಿತ್ರವು ಕೇಳುವ ಪ್ರಶ್ನೆ.

೧೯೭೯ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಬೆಂಬಲದಿಂದ ನ್ಯೂಯಾರ್ಕ್ ಚಲನಚಿತ್ರೋತ್ಸವದಲ್ಲಿ ಅದು ಮತ್ತೆ ಪ್ರದರ್ಶಿತವಾಯಿತು. ಇಂದು ಎರಡೂ ಚಿತ್ರಗಳು ಶ್ರೇಷ್ಠ ಕೃತಿಗಳೆಂದು ಮನ್ನಣೆ ಪಡೆದಿವೆ.

ಆದುದರಿಂದ ಹಿಂಸೆಯನ್ನು ತೋರಿಸುವ ಚಿತ್ರವನ್ನು ತೂಗುವಾಗ ಎಷ್ಟು ನೆತ್ತರು ಹರಿಯಿತೆಂಬ ಲೆಕ್ಕವೊಂದೇ ಸಾಲದು. ನೋಡಿ ಸುಖಿಸಿದವನ ಪಾಲನ್ನು ಅದು ಮುಚ್ಚಿಟ್ಟಿತೋ, ಅವನ ಖಾತೆಗೇ ಬರೆಯಿತೋ ಎಂಬುದನ್ನೂ ವಿಚಾರಿಸಬೇಕು. ತನ್ನ ಖಾತೆಯನ್ನು ತೆರೆದು ತೋರಿಸಿದವನ ಮೇಲೆ ಮೊದಲು ಮುನಿಯುವುದು ಮನುಷ್ಯಸ್ವಭಾವ. ಲೆಕ್ಕ ಸರಿಯೆಂದು ಒಪ್ಪಲು ಕಾಲ ಬೇಕಾಗುತ್ತದೆ.