ಇಪ್ಪತ್ತಮೂರನೆಯ ಜಾನ್ ಪೋಪರ ಕೊನೆಯ ಕಾಯಿಲೆ

ಅರಸನ ಅನಾರೋಗ್ಯವು ಅರಮನೆಯ ಗುಟ್ಟಾಗಿಯೇ ಉಳಿಯಬೇಕೆಂಬುದು ಬಹು ಹಳೆಯ ರಾಜನೀತಿ. ರೋಮಿನ ಪೋಪರ ಆಸ್ಥಾನವು ಈ ನೀತಿಯನ್ನು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಬಿಡದೆ ಪಾಲಿಸಿಕೊಂಡು ಬಂದಿತು. ಪೋಪರಿಗೆ ಸಾಯುವ ತನಕ ಕಾಯಿಲೆಯೇ ಬರುವುದಿಲ್ಲವೆಂದು ರೋಮಿನ ಜನ ನಗೆಯಾಡುವುದುಂಟು. ಈ ನಗೆಯ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ಕೋಟ್ಯಂತರ ಜನರ ಶ್ರದ್ಧೆಗೆ ಪಾತ್ರನಾದ ಗುರುವಿನ ದೇಹಸ್ಥಿತಿಯನ್ನು ತಿಳಿಯುವ ಹಕ್ಕು ಆ ಜನರಿಗೆ ಉಂಟೇ, ಇಲ್ಲವೇ?

ಹನ್ನೆರಡನೆಯ ಪಯಸ್ ಪೋಪರ ವಿಷಯದಲ್ಲಿ ಗುಟ್ಟು ಮತ್ತು ಬಯಲು ಎರಡೂ ಅತ್ಯಂತ ವಿಕಾರವಾದ ರೂಪದಲ್ಲಿ ಕಾಣಿಸಿಕೊಂಡವು. 1954ರಲ್ಲಿ ಅವರು ತೀವ್ರವಾಗಿ ಕಾಯಿಲೆ ಬಿದ್ದು ಚೇತರಿಸಿಕೊಂಡರು. 1958ರ ಅಕ್ಟೋಬರಿನಲ್ಲಿ ಕಾಸ್ತೆಲ್ ಗಾಂಡೊಲ್ಫೊದ ಬೇಸಗೆಯ ಅರಮನೆಯಲ್ಲಿ ಮರಣಶಯ್ಯೆಯಲ್ಲಿದ್ದಾಗ, ಅವರಿನ್ನೂ ಉಸಿರಾಡುತ್ತಿರುವಾಗಲೇ ಇಟಲಿಯ ಕೆಲವು ಪತ್ರಿಕೆಗಳು ಮರಣವಾರ್ತೆಯನ್ನು ಅಚ್ಚು ಹಾಕಿಬಿಟ್ಟವು. ನಿಜವಾದ ಮರಣ ಸಂಭವಿಸಿದ್ದು ಅಕ್ಟೋಬರ್ 9ರಂದು. ಅವರ ವೈದ್ಯ ರಿಕಾರ್ಡೊ ಗಲೆಯಾಟ್ಸಿ-ಲೀಸಿ ಮೂಲತಃ ಕಣ್ಣಿನ ವೈದ್ಯ. ಆತನು ರೋಗಿಯ ಕೊನೆಯ ಗಳಿಗೆಗಳ ವಿವರಗಳನ್ನೂ ಚಿತ್ರಗಳನ್ನೂ ಪತ್ರಿಕೆಗಳಿಗೆ ಮಾರಿಕೊಂಡನು. ಬಾಗಿಲು ಮುಚ್ಚಿದ ಮನೆಯಲ್ಲಿ ಕಿಂಡಿಗೂ ಬೆಲೆ ಬರುತ್ತದೆ. ಇದರಿಂದ ಜಿಗುಪ್ಸೆಗೊಂಡ ಮುಂದಿನ ಪೋಪರು ರೋಗಶಯ್ಯೆಯ ಮೇಲಿರುವ ಪೋಪರ ಚಿತ್ರ ತೆಗೆಯುವುದನ್ನು 1962ರಲ್ಲಿ ನಿಷೇಧಿಸಿದರು.

ಆ ಮುಂದಿನವರೇ ಇಪ್ಪತ್ತಮೂರನೆಯ ಜಾನ್. ಪೂರ್ವದ ಹೆಸರು ಆಂಜೆಲೊ ರೊಂಕಾಲಿ. ಬೆರ್ಗಾಮೊ ಪ್ರಾಂತದ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ, ಒಡೆಯರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ಒಕ್ಕಲು ಮನೆತನದಲ್ಲಿ 1881ರಲ್ಲಿ ಹುಟ್ಟಿದವರು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಪೀಠವನ್ನೇರಿದ ಈ ವೃದ್ಧರು ಕೆಲವು ಕಾಲ ಪೀಠವನ್ನು ಕಾದು ಹೊರಟುಹೋಗುವರೆಂದೇ ಅನೇಕರ ಎಣಿಕೆಯಾಗಿತ್ತು. ಅವರಾದರೋ ಮೂರು ತಿಂಗಳು ತುಂಬುವುದರೊಳಗೆ, 1959ರ ಜನವರಿ 25ರಂದು, ಇಡೀ ಚರ್ಚಿನ ಮಹಾಸಭೆಯನ್ನು ಕರೆಯುವುದಾಗಿ ಸಾರಿದರು. 1962ರ ಸೆಪ್ಟೆಂಬರಿನಲ್ಲಿ ಜಠರದ ಕ್ಯಾನ್ಸರ್ ಇರುವುದು ಪರೀಕ್ಷೆಯಿಂದ ಗೊತ್ತಾಯಿತು. ಅಕ್ಟೋಬರ್ 11ರಂದು ಮಹಾಸಭೆ ತೆರೆಯಿತು. ನವೆಂಬರಿನ ಕೊನೆಯಲ್ಲಿ ರಕ್ತಸ್ರಾವವಾದಾಗ ವ್ಯಾಟಿಕನ್ನಿನ ಪತ್ರಿಕೆಯು ಹೊಟ್ಟೆಯ ತೊಂದರೆ, ರಕ್ತಹೀನತೆ ಎಂದಷ್ಟೇ ಬರೆಯಿತು. ಕ್ಯಾನ್ಸರ್ ಎಂಬ ಮಾತನ್ನು ಆಡಲಿಲ್ಲ. ಹಳೆಯ ನೀತಿ ಇಲ್ಲಿಯೂ ತನ್ನ ಕೆಲಸ ಮಾಡಿತ್ತು.

ಅಷ್ಟರಲ್ಲಿ ಈ ಕಾಯಿಲೆಯು ಅಂತಾರಾಷ್ಟ್ರೀಯ ರಾಜಕಾರಣದ ವಿಷಯವೂ ಆಗಿದ್ದಿತು. ಅದೇ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣದಿಂದ ಜಗತ್ತು ಯುದ್ಧದ ಅಂಚಿಗೆ ಬಂದಾಗ ಪೋಪರು 25ರಂದು ರೇಡಿಯೋ ಮೂಲಕ ಶಾಂತಿಯ ಮೊರೆಯಿಟ್ಟಿದ್ದರು. ಡಿಸೆಂಬರಿನಲ್ಲಿ ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ ಮಾಸ್ಕೋಗೆ ಹೋಗಿ ಬರುವಾಗ ನಿಕಿತ ಕ್ರುಶ್ಚೇವರಿಂದ ಪೋಪರಿಗೆ ಕ್ರಿಸ್ಮಸ್ ಶುಭಾಶಯವನ್ನು ತಂದರು. ಒಡೆಯನ ಮನೆಯ ಪಾಲು ಹೊಲದಿಂದ ಬಂದವರಿಗೂ ಗಣಿಯ ಬದುಕಿನಿಂದ ಬಂದವರಿಗೂ ಮಾತು ಬೇಗ ಕೂಡಿತೆಂದು ತೋರುತ್ತದೆ. 1945ರಿಂದ ಸೆರೆಯಲ್ಲಿದ್ದ ಉಕ್ರೇನಿನ ಧರ್ಮಾಧ್ಯಕ್ಷ ಯೋಸಿಫ್ ಸ್ಲೀಪಿ ಬಿಡುಗಡೆ ಹೊಂದಿ 1963ರ ಫೆಬ್ರವರಿಯಲ್ಲಿ ರೋಮಿಗೆ ಬಂದರು. ಮಾರ್ಚಿ 7ರಂದು ಕ್ರುಶ್ಚೇವರ ಮಗಳೂ ಅಳಿಯನೂ ಪೋಪರನ್ನು ಕಂಡರು. ಏಪ್ರಿಲ್ 28ರ ಚುನಾವಣೆಯಲ್ಲಿ ಇಟಲಿಯ ಕಮ್ಯೂನಿಸ್ಟರ ಮತ ಶೇಕಡ 22.7ರಿಂದ 25.3ಕ್ಕೆ ಏರಿದಾಗ, ಇದು ಪೋಪರ ಸಲಿಗೆಯ ಫಲವೆಂದು ದೂರಿದವರು ಅವರ ಚರ್ಚಿನೊಳಗೇ ಇದ್ದರು. ಸಾವಿನ ದಾರಿಯಲ್ಲಿದ್ದ ಮುದುಕನನ್ನು ಮೆಚ್ಚುವುದರಲ್ಲಿ ಹೊರಗಿನವರು ಒಳಗಿನವರಿಗಿಂತ ಉದಾರಿಗಳಾಗಿದ್ದುದು ಗಮನಾರ್ಹ.

ಮೇ 31ರ ಬೆಳಗ್ಗೆ ಕಾರ್ಯದರ್ಶಿ ಲೋರಿಸ್ ಕಪೊವಿಲ್ಲಾ ಪೋಪರಿಗೆ ಕೊನೆಗಾಲ ಬಂದಿದೆಯೆಂದು ತಿಳಿಸಿದರು. ಅದನ್ನು ಅವರು ಸಮಾಧಾನದಿಂದಲೇ ಕೇಳಿಕೊಂಡರು. ಮೂವರು ತಮ್ಮಂದಿರೂ ತಂಗಿಯೂ ಊರಿನಿಂದ ಬಂದು ಹಾಸಿಗೆಯ ಬಳಿ ನಿಂತರು. ಹೊರಗೆ ಸಂತ ಪೇತ್ರನ ಚೌಕದಲ್ಲಿ ಹಗಲಿರುಳು ಜನ. ಅಲ್ಲಿ ರೋಮಿನ ಯಹೂದಿಗಳು ತಮ್ಮ ಮುಖ್ಯ ರಬ್ಬಿ ಎಲಿಯೊ ತೊಆಫ್‌ರೊಂದಿಗೆ ಬಂದು ಪ್ರಾರ್ಥಿಸಿದರು. ಶತಮಾನಗಳ ಕಾಲ ಪೋಪರ ಆಳಿಕೆಯಲ್ಲಿ ಕೇರಿಯ ಗೋಡೆಯೊಳಗೆ ಬಾಳಿದವರ ಸಂತತಿ ಅದು. ಜೂನ್ 3ರ ಸಂಜೆ ಚೌಕದಲ್ಲಿ ಪೂಜೆ ಮುಗಿಯುವ ಹೊತ್ತಿಗೆ, 7 ಗಂಟೆ 49 ನಿಮಿಷಕ್ಕೆ, ಪ್ರಾಣ ಹೋಯಿತು. ವಿಶ್ವಸಂಸ್ಥೆಯ ಧ್ವಜ ಅರ್ಧಕ್ಕೆ ಇಳಿಯಿತು. ಪ್ರಾಟೆಸ್ಟಂಟರ ಬೆಲ್‌ಫಾಸ್ಟ್ ನಗರಸಭೆಯ ಮೇಲೂ ಹಾಗೆಯೇ ಧ್ವಜ ಇಳಿದಾಗ ಇಯಾನ್ ಪೇಸ್ಲಿ ಎಂಬ ಪಾದ್ರಿ ಪ್ರತಿಭಟನೆಯ ಮೆರವಣಿಗೆ ಹೊರಡಿಸಿದರು. ಶೋಕವೂ ಸರ್ವಸಮ್ಮತವಾಗಿರಲಿಲ್ಲ.

ಇನ್ನೊಂದು ಆತಂಕವೂ ಇದ್ದಿತು. ಪೋಪರು ತೀರಿಕೊಂಡರೆ ಮಹಾಸಭೆ ತಾನಾಗಿಯೇ ನಿಲ್ಲುತ್ತದೆ. ಮುಂದುವರಿಸುವುದು ಉತ್ತರಾಧಿಕಾರಿಯ ಇಚ್ಛೆ. ಆದುದರಿಂದ ಬದಲಾವಣೆಯನ್ನು ಬಯಸಿದವರಿಗೂ ಬಯಸದವರಿಗೂ ಆ ನಾಡಿಬಡಿತವು ಲೆಕ್ಕದ ವಿಷಯವಾಗಿದ್ದಿತು. ಜೂನ್ 21ರಂದು ಆಯ್ಕೆಯಾದ ಆರನೆಯ ಪಾಲ್ ಮರುದಿನವೇ ಸಭೆ ಮುಂದುವರಿಯುವುದೆಂದು ಸಾರಿದರು. 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದವರು ಇವರೇ. ಭಾರತದ ನೆಲವನ್ನು ಮೆಟ್ಟಿದ ಮೊದಲ ಪೋಪರು.

ಮುಂದೆ ಕಾಯಿಲೆಯ ಪರದೆ ತೆರೆಯುತ್ತ ಹೋಯಿತು. 1986ರ ಫೆಬ್ರವರಿಯಲ್ಲಿ ಮಂಗಳೂರಿಗೂ ಬಂದಿದ್ದ ಎರಡನೆಯ ಜಾನ್ ಪಾಲ್ 2005ರ ಮಾರ್ಚಿ 30ರಂದು ಕಿಟಕಿಗೆ ಬಂದು, ಮಾತಾಡಲಾರದೆ ಒಳಗೆ ಸರಿದುದನ್ನು ಜಗತ್ತೇ ಕಂಡಿತು. ಏಪ್ರಿಲ್ 2ರಂದು ತೀರಿಕೊಂಡರು. ಫ್ರಾನ್ಸಿಸ್ 2025ರ ಫೆಬ್ರವರಿ 14ರಿಂದ ಮಾರ್ಚಿ 23ರವರೆಗೆ ಆಸ್ಪತ್ರೆಯಲ್ಲಿದ್ದಾಗ ವೈದ್ಯರ ವರದಿ ಕ್ರಮವಾಗಿ ಹೊರಬೀಳುತ್ತಿದ್ದಿತು. ಚೌಕದಲ್ಲಿ ರಾತ್ರಿಯ ಜಪಮಾಲೆ ನಡೆಯಿತು. ಏಪ್ರಿಲ್ 21ರಂದು ಅವರು ನಿಧನರಾದರು.

ಆದರೂ ಮುಖ್ಯ ತೊಡಕು ಹಾಗೆಯೇ ಉಳಿದಿದೆ. ಪೋಪರು ಪ್ರಜ್ಞೆ ತಪ್ಪಿ ಬಹುಕಾಲ ಬದುಕಿದರೆ ಆಡಳಿತ ಯಾರದು? 1983ರ ಧರ್ಮಸಂಹಿತೆಯ 335ನೆಯ ವಿಧಿಯು ಇದಕ್ಕೆ ವಿಶೇಷ ಕಾನೂನನ್ನು ಅನುಸರಿಸಬೇಕೆನ್ನುತ್ತದೆ; ಆ ವಿಶೇಷ ಕಾನೂನು ಮಾತ್ರ ರಚಿತವಾಗಿಲ್ಲ. ಆರನೆಯ ಪಾಲ್ 1965ರ ಮೇ 2ರಂದೇ, ತಾವು ಅಶಕ್ತರಾದರೆ ರಾಜೀನಾಮೆಯೆಂದು ಭಾವಿಸಬೇಕೆಂದು ಪತ್ರ ಬರೆದಿಟ್ಟಿದ್ದರು. ಅಂಥದೇ ಪತ್ರಕ್ಕೆ ತಾವೂ 2013ರಲ್ಲಿ ಸಹಿ ಹಾಕಿ ಕಾರ್ಯದರ್ಶಿ ಬೆರ್ತೋನೆಯವರ ಕೈಗೆ ಕೊಟ್ಟುದಾಗಿ ಫ್ರಾನ್ಸಿಸ್ 2022ರ ಡಿಸೆಂಬರಿನಲ್ಲಿ ತಿಳಿಸಿದರು. ಕಾನೂನಿಲ್ಲದ ಕಡೆ ಇಬ್ಬರೂ ಕಾಗದವನ್ನು ನಂಬಿದ್ದರು. ಎರಡೂ ಕಾಗದಗಳು ಬಳಕೆಗೆ ಬರಲಿಲ್ಲ.