ಕೆರೆಯ ದೋಣಿ ಕಡಲಿಗಿಳಿದ ಕಥೆ

ಹದಿಮೂರೂವರೆ ಅಡಿ ಎಂದರೆ ಎಷ್ಟು? ನಮ್ಮ ಡೊಂಬಿವಲಿಯ ಫ್ಲ್ಯಾಟಿನ ಹಾಲನ್ನು ಟೇಪು ಹಿಡಿದು ಅಳೆದೆ. ಗೋಡೆಯಿಂದ ಗೋಡೆಗೆ ಸರಿಯಾಗಿ ಹದಿನಾಲ್ಕು. ಟೀವಿ, ಸೋಫಾ, ದೇವರ ಗೂಡು ಎಲ್ಲ ತುಂಬಿಕೊಂಡು ಕಾಲಿಡಲು ಜಾಗವಿಲ್ಲದ ಈ ಕೋಣೆಗಿಂತ ಅರ್ಧ ಅಡಿ ಗಿಡ್ಡವಾದ ದೋಣಿಯಲ್ಲಿ ಒಬ್ಬ ಮನುಷ್ಯ 1965ರಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ. ಒಬ್ಬನೇ. 78 ದಿನ.

ಅವನ ಹೆಸರು ರಾಬರ್ಟ್ ಮ್ಯಾನ್ರಿ. ದೋಣಿಯ ಹೆಸರು ಟಿಂಕರ್‌ಬೆಲ್. ಆತ ನೌಕಾಪಡೆಯ ವೀರನಲ್ಲ, ದುಡ್ಡು ಹೆಚ್ಚಾದ ಶೋಕಿದಾರನೂ ಅಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ 'ಪ್ಲೇನ್ ಡೀಲರ್' ಎಂಬ ದಿನಪತ್ರಿಕೆಯಲ್ಲಿ ಉಪಸಂಪಾದಕ. ಬೇರೆಯವರು ಬರೆದದ್ದನ್ನು ತಿದ್ದುವುದು, ತಲೆಬರಹ ಕೊಡುವುದು, ಮನೆಗೆ ಹೋಗುವುದು. ಹೆಂಡತಿ, ಒಬ್ಬ ಮಗಳು, ಒಬ್ಬ ಮಗ. ಕಡಲಿಗಿಳಿದ ಮೂರನೆಯ ದಿನಕ್ಕೆ ಅವನಿಗೆ 47 ತುಂಬಿತು. ಫೋರ್ಟಿನ ಆಫೀಸೊಂದರಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿದ ನನ್ನಂಥವನಿಗೆ ಈ ಕಥೆ ಹಿಡಿಸಿದ್ದು ಅದಕ್ಕೇ ಇರಬೇಕು. ಇದು ಮೇಜಿನ ಮುಂದೆ ಕೂತವನ ಕಥೆ.

ಅಂದ ಹಾಗೆ, ಈ ಮ್ಯಾನ್ರಿ ಹುಟ್ಟಿದ್ದು ನಮ್ಮ ದೇಶದಲ್ಲೇ! 1918ರ ಜೂನ್ 3ರಂದು, ಮಸ್ಸೂರಿಯ ಪಕ್ಕದ ಲಂಡೂರಿನಲ್ಲಿ. ಅಪ್ಪ ಅಲಹಾಬಾದಿನ ಕಾಲೇಜಿನಲ್ಲಿ ಮೇಷ್ಟ್ರು. ಹುಡುಗ ಓದಿದ್ದು ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯಲ್ಲಿ. ಆ ಶಾಲೆಗೆ ಬಂದಿದ್ದ ಜರ್ಮನ್ ನಾವಿಕನೊಬ್ಬ ತನ್ನ ಸಾಗರಯಾನದ ಕಥೆ ಹೇಳಿದನಂತೆ. ಹಿಮಾಲಯದ ಮಗ್ಗುಲಲ್ಲಿ, ಕಡಲಿನಿಂದ ನೂರಾರು ಮೈಲಿಯಾಚೆ ಕೂತ ಹುಡುಗನ ತಲೆಯೊಳಗೆ ಕಡಲು ಹೊಕ್ಕಿದ್ದು ಹೀಗೆ. ಆಮೇಲೆ ಅಮೆರಿಕ, ಕಾಲೇಜು, ಯುದ್ಧ, ನೌಕರಿ, ಮದುವೆ... ತಲೆಯೊಳಗಿನ ಕಡಲು ಮಾತ್ರ ಬತ್ತಲಿಲ್ಲ.

1958ರಲ್ಲಿ ಮ್ಯಾನ್ರಿ 160 ಡಾಲರು ಕೊಟ್ಟು ಒಂದು ಹಳೇ ದೋಣಿ ಕೊಂಡ. ಆ ಹೊತ್ತಿಗೇ ಅದಕ್ಕೆ ಮೂವತ್ತು ವರ್ಷ. 'ಓಲ್ಡ್ ಟೌನ್' ಕಂಪನಿ ಮರದಲ್ಲಿ ಮಾಡಿದ, ಸರೋವರದಲ್ಲಿ ಸಂಜೆ ಹೊತ್ತು ಸುತ್ತಾಡಲಿಕ್ಕೆಂದೇ ಇದ್ದ ತೆರೆದ ಹಾಯಿದೋಣಿ. ಕಾರಿನ ಹಿಂದೆ ಟ್ರೇಲರಿಗೆ ಕಟ್ಟಿಕೊಂಡು ಹೋಗುವಂಥದ್ದು. ಅಲ್ಲಲ್ಲಿ ಹಲಗೆ ಕೊಳೆತಿತ್ತು. ಮನೆಯ ಹತ್ತಿರ ಇಟ್ಟುಕೊಂಡು ತಾನೇ ರಿಪೇರಿ ಮಾಡಿದ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾಯಿ ಬಿಚ್ಚಿದ. ಏಳು ವರ್ಷ ಅವನ ಶಾಲೆ ಅದೇ.

ಕ್ಲೀವ್‌ಲ್ಯಾಂಡ್ ಇರುವುದು ಈರಿ ಸರೋವರದ ದಂಡೆಯಲ್ಲಿ. ಸರೋವರ ಎಂದರೆ ನಮ್ಮ ಪೊವಾಯಿ ಕೆರೆ ಕಣ್ಣ ಮುಂದೆ ತಂದುಕೊಳ್ಳಬೇಡಿ. ಆಚೆ ದಂಡೆ ಕಾಣದಷ್ಟು ದೊಡ್ಡದು, ಆದರೆ ಆಳ ಕಡಿಮೆ. ಆಳವಿಲ್ಲದ ನೀರಿಗೆ ಗಾಳಿ ಬಡಿದರೆ ಅಲೆಗಳು ಒತ್ತೊತ್ತಾಗಿ, ಗೋಡೆಯಂತೆ ಎದ್ದು ನಿಲ್ಲುತ್ತವೆ. ಆಳ ಸಮುದ್ರದ ಅಲೆ ಗಾತ್ರದಲ್ಲಿ ದೊಡ್ಡದಾದರೂ ಉದ್ದಕ್ಕೆ ಹರಡಿಕೊಂಡಿರುತ್ತದೆ. ಸಣ್ಣ ದೋಣಿ ಅದರ ಮೈಯೇರಿ ಇಳಿದುಬಿಡುತ್ತದೆ. ಅಲೆಯ ತಲೆ ಮುರಿದು ಬಿದ್ದಾಗ ಮಾತ್ರ ಕಷ್ಟ.

ನಮ್ಮ ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಯ ಹೊಳೆಯಲ್ಲಿ ದೋಣಿ ತೇಲಿಸುವವನು ಅಳಿವೆ ಬಾಯಿಗೆ ಬಂದ ಕೂಡಲೇ ಮಾತು ನಿಲ್ಲಿಸುತ್ತಾನೆ. ಹೊಳೆ ಕಡಲಿಗೆ ಸೇರುವ ಆ ಮರಳ ದಿಬ್ಬದ ಮೇಲೆ ಅಲೆ ಮುರಿಯುತ್ತದೆ. ಅದನ್ನು ದಾಟಿ ಹೊರಗೆ ಹೋದರೆ ಅರ್ಧ ಗೆದ್ದ ಹಾಗೆ. ದೋಣಿಗೆ ದೊಡ್ಡ ಗಂಡಾಂತರ ನಡುಕಡಲಿನಲ್ಲಲ್ಲ, ದಡದ ಹತ್ತಿರ ಎಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಬಂಡೆ, ದಿಬ್ಬ, ಮಂಜು, ಓಡಾಡುವ ಹಡಗು ಎಲ್ಲ ಇರುವುದು ಅಲ್ಲೇ.

ಕೆರೆಯ ದೋಣಿಯನ್ನು ಕಡಲಿಗೆ ಒಗ್ಗಿಸಲು ಮ್ಯಾನ್ರಿ ಏನು ಮಾಡಿದ? ಇಲ್ಲಿದೆ ನಿಜವಾದ ಸ್ವಾರಸ್ಯ. ತನ್ನನ್ನು ಕೊಲ್ಲಬಹುದಾದದ್ದನ್ನೆಲ್ಲ ಒಂದೊಂದಾಗಿ ಯೋಚಿಸಿ, ಒಂದೊಂದಕ್ಕೂ ಉತ್ತರ ಹುಡುಕಿದ. ನೀರು ಒಳಗೆ ಬಂದರೆ? ತೆರೆದ ದೋಣಿಗೆ ಮೇಲುಹಾಸು ಹಾಕಿ, ಮುಂದುಗಡೆ ಒಬ್ಬ ಮುದುರಿ ಮಲಗುವಷ್ಟು ಪುಟ್ಟ ಗೂಡು ಕಟ್ಟಿದ. ಪೂರ್ತಿ ತುಂಬಿಬಿಟ್ಟರೆ? ಮುಳುಗಬಾರದೆಂದು ಸಂದುಗೊಂದಿಗೆಲ್ಲ ಹಗುರವಾದ ಫೋಮ್ ತುರುಕಿದ. ಮಗುಚಿದರೆ? ನೀರೊಳಗಿಳಿಯುವ ಹಗುರ ಹಲಗೆ ತೆಗೆದು ಭಾರದ್ದೊಂದನ್ನು ಕೂರಿಸಿದ. ಕುಡಿಯುವ ನೀರಿನ ಕ್ಯಾನುಗಳನ್ನು ತಳದಲ್ಲಿ ಜೋಡಿಸಿ ಅದನ್ನೂ ತೂಕಕ್ಕೆ ಬಳಸಿದ. ತಾನೇ ಹೊರಗೆ ಬಿದ್ದರೆ? ಸೊಂಟಕ್ಕೆ ಹಗ್ಗ. ನಮ್ಮ ಕಡೆ ಇದಕ್ಕೆ ಎದೆಗಾರಿಕೆ ಎನ್ನುವುದಿಲ್ಲ, ಲೆಕ್ಕಾಚಾರ ಎನ್ನುತ್ತಾರೆ. ತಪ್ಪು ಹುಡುಕುವುದೇ ಕಸುಬಾಗಿದ್ದವನು ತನ್ನ ದೋಣಿಯ ಕರಡನ್ನು ತಿದ್ದಿದ, ಅಷ್ಟೆ.

ಮೊದಲಿನ ಯೋಜನೆಯೇ ಬೇರೆಯಿತ್ತು. ಗೆಳೆಯನೊಬ್ಬನ 25 ಅಡಿಯ ದೋಣಿಯಲ್ಲಿ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಆಫೀಸಿನಲ್ಲಿ ರಜೆಯೂ ಸಿಕ್ಕಿತು. ಅಷ್ಟರಲ್ಲಿ ಗೆಳೆಯ ಹಿಂದೆ ಸರಿದ. ಇಂಥ ಹೊತ್ತಿನಲ್ಲಿ ನಾವಾದರೆ ಏನು ಮಾಡುತ್ತೇವೆ? ರಜೆ ವಾಪಸು ಕೊಟ್ಟು, "ಯೋಗ ಇಲ್ಲ" ಎಂದು ಹೇಳಿ ಲೋಕಲ್ ಹತ್ತುತ್ತೇವೆ. ಮ್ಯಾನ್ರಿ ತನ್ನ ಪುಟ್ಟ ದೋಣಿಯಲ್ಲೇ ಹೋಗುವುದೆಂದು ನಿರ್ಧರಿಸಿದ. ಆಫೀಸಿನವರಿಗೆ ಹೇಳಲಿಲ್ಲ. ಹೇಳಿದರೆ ತಡೆಯುತ್ತಾರೆಂದು ಗೊತ್ತಿತ್ತು. ಹೆಂಡತಿ ವರ್ಜೀನಿಯಾಳಿಗೆ ಮಾತ್ರ ಎಲ್ಲ ಹೇಳಿದ. ಅವಳು ಒಪ್ಪಿದಳು. ಇಡೀ ಕಥೆಯಲ್ಲಿ ನನಗೆ ಅತಿ ಕಷ್ಟದ್ದೆಂದು ತೋರುವುದು ಅವಳ ಆ ಒಪ್ಪಿಗೆ. ಹೋದವನಿಗೆ ದಿನವಿಡೀ ಕೈತುಂಬ ಕೆಲಸ. ಮನೆಯಲ್ಲಿ ಉಳಿದವಳಿಗೆ? ಸುದ್ದಿಯಿಲ್ಲದ 78 ರಾತ್ರಿ. ದಾರಿಯಲ್ಲಿ ಸಿಕ್ಕ ಹಡಗುಗಳು ಏನಾದರೂ ತಿಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೋಣಿಯನ್ನು ಟ್ರೇಲರಿಗೆ ಕಟ್ಟಿ, ಕಾರಿನಲ್ಲಿ ಎಳೆದುಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ಮತ್ ಎಂಬ ಕಡಲೂರಿಗೆ ತಂದದ್ದಾಯಿತು. 1965ರ ಜೂನ್ 1ರಂದು ಹೊರಟ. ಜೂನ್ ಒಂದು ಎಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ದೋಣಿಗಳನ್ನು ಮೇಲೆಳೆದು ಕಟ್ಟುವ ಸಮಯ. ಮಳೆಗಾಲ ಕಳೆದು, ನೂಲ ಹುಣ್ಣಿಮೆಗೆ ಸಮುದ್ರರಾಜನಿಗೆ ತೆಂಗಿನಕಾಯಿ ಕೊಡುವ ತನಕ ಇಲ್ಲಿ ವರ್ಲಿಯ ಕೋಲಿ ಮೀನುಗಾರರೂ ಹೊರಗೆ ಹೋಗುವುದಿಲ್ಲ. ಉತ್ತರ ಅಟ್ಲಾಂಟಿಕಿನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಬೇಸಿಗೆಯೇ ಸಣ್ಣ ದೋಣಿಗೆ ಬಾಗಿಲು ತೆರೆಯುವ ಕಾಲ.

ಹಿರಿಯರ ಮಾತು ಇಲ್ಲಿಯೂ ನಿಜವಾಯಿತು. ದಡ ಬಿಟ್ಟ ಮೊದಲ ದಿನಗಳಲ್ಲಿ ಅವನನ್ನು ಕಾಡಿದ್ದು ಅಲೆಯಲ್ಲ, ಹಡಗು. ದೊಡ್ಡ ಹಡಗಿನ ಮೇಲಿಂದ ನೋಡುವವನಿಗೆ ಇಷ್ಟು ಪುಟ್ಟ ದೋಣಿ ಕಾಣುವುದೇ ಇಲ್ಲ. ಹಾಗಾಗಿ ನಿದ್ದೆ ಬಾರದಂತೆ ಮಾತ್ರೆ ನುಂಗಿ ಎಚ್ಚರವಿದ್ದ. ನಿದ್ದೆಗೆಟ್ಟ ತಲೆ ಆಟವಾಡತೊಡಗಿತು. ದೋಣಿಯಲ್ಲಿ ಬೇರೆ ಯಾರೋ ಕೂತಿದ್ದಾರೆ, ಮಾತಾಡುತ್ತಿದ್ದಾರೆ ಎಂಬ ಭ್ರಮೆ. ಮುಂದೆ ಅಲೆಗಳು ಅವನನ್ನು ಮತ್ತೆ ಮತ್ತೆ ಎತ್ತಿ ನೀರಿಗೆಸೆದವು. ಪ್ರತಿ ಸಲವೂ ಹಗ್ಗ ಉಳಿಸಿತು. ಪಕ್ಕಕ್ಕೆ ಉರುಳಿದ ದೋಣಿ ತಾನಾಗಿಯೇ ಎದ್ದು ನಿಂತಿತು. ಚುಕ್ಕಾಣಿ ಒಂದಲ್ಲ, ಹಲವು ಸಲ ಮುರಿಯಿತು. ಪ್ರತಿ ಸಲವೂ ಕೂತು ಜೋಡಿಸಿದ.

ಆಗಸ್ಟ್ 17ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ಮುಟ್ಟಿದ. ಸುಮಾರು 3,200 ಮೈಲಿ. ತಮಾಷೆ ನೋಡಿ, ಆ ಊರಿನ ಹೆಸರೂ ಫಾಲ್ಮತ್! ಸದ್ದಿಲ್ಲದೆ ಬಂದು ಒಂದು ಮೂಲೆಯಲ್ಲಿ ದೋಣಿ ಕಟ್ಟಿಬಿಡೋಣ ಎಂದುಕೊಂಡಿದ್ದವನಿಗೆ ನೂರಾರು ದೋಣಿಗಳು ಎದುರು ಬಂದವು. ದಂಡೆಯಲ್ಲಿ ಸಾವಿರ ಸಾವಿರ ಜನ. ವರ್ಜೀನಿಯಾ ಕೂಡ ಬಂದಿದ್ದಳು. ಇನ್ನೊಂದು ತಮಾಷೆ: ಅವನ ಊರಿನದೇ ಒಂದು ಟೀವಿ ವಾಹಿನಿಯ ವರದಿಗಾರ ಮೀನುಗಾರಿಕೆ ಹಡಗೊಂದನ್ನು ಗೊತ್ತು ಮಾಡಿಕೊಂಡು ಕಡಲಿಗೇ ಹೋಗಿ, ದಡ ಮುಟ್ಟುವ ಮೊದಲೇ ಸಂದರ್ಶನ ಮಾಡಿಬಿಟ್ಟಿದ್ದ. ಜೀವನವಿಡೀ ಇತರರ ಸುದ್ದಿ ತಿದ್ದಿದ ಉಪಸಂಪಾದಕ ತನ್ನದೇ ದೊಡ್ಡ ಸುದ್ದಿಯನ್ನು ಸ್ವಂತ ಪತ್ರಿಕೆಗೆ ಮೊದಲು ಕೊಡಲಾಗಲಿಲ್ಲ!

ಇದೊಂದು ಬಿಡಿ ಹುಚ್ಚು ಎಂದುಕೊಳ್ಳಬೇಡಿ. ಅದೇ ಕಾಲದಲ್ಲಿ ಇಂಗ್ಲೆಂಡಿನ ಫ್ರಾಂಕ್ ಡೈ ಎಂಬಾತ 16 ಅಡಿಯ 'ವೇಫೇರರ್' ದೋಣಿಯಲ್ಲಿ ಜೊತೆಗೊಬ್ಬನನ್ನು ಕೂರಿಸಿಕೊಂಡು 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೂ, 1964ರಲ್ಲಿ ನಾರ್ವೆಗೂ ಹೋದ. ಅದಂತೂ ಗೂಡೂ ಇಲ್ಲದ ತೆರೆದ ದೋಣಿ. ಇಯಾನ್ ಪ್ರಾಕ್ಟರ್ ಅದನ್ನು ರೂಪಿಸಿದ್ದು ಸಾಮಾನ್ಯ ಜನ ವಾರಾಂತ್ಯಕ್ಕೆ ಸುತ್ತಾಡಲೆಂದು. ನಾರ್ವೆಯ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು, ಕೂವೆಮರ ಮುರಿಯಿತು. ಆದರೂ ದಡ ಸೇರಿದರು. ಅವನ ಸೂತ್ರವೂ ಇದೇ: ಗಾಳಿ ಜೋರಾದರೆ ಹಾಯಿ ಇಳಿಸು, ಕೂವೆಮರವನ್ನೂ ಮಲಗಿಸು, ಮುಂದಿನಿಂದ ತೇಲುಲಂಗರು ಬಿಟ್ಟು ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸು. ಕಡಲಿನ ಜೊತೆ ಜಗಳ ಬೇಡ.

ಮ್ಯಾನ್ರಿ ಪುಸ್ತಕ ಬರೆದ. 'ಟಿಂಕರ್‌ಬೆಲ್' 1966ರಲ್ಲಿ ಪ್ರಕಟವಾಯಿತು. ಮುಂದಿನದು ಸುಖದ ಕಥೆಯಲ್ಲ. 1969ರಲ್ಲಿ ಕಾರು ಅಪಘಾತದಲ್ಲಿ ವರ್ಜೀನಿಯಾ ತೀರಿಕೊಂಡಳು. 1971ರಲ್ಲಿ ಹೃದಯಾಘಾತದಿಂದ ಅವನೂ ಹೋದ, 52ನೆಯ ವಯಸ್ಸಿಗೆ. ದೋಣಿ ಕ್ಲೀವ್‌ಲ್ಯಾಂಡಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅಟ್ಲಾಂಟಿಕ್ ಬಿಟ್ಟುಕೊಟ್ಟವರನ್ನು ರಸ್ತೆ ಬಿಡಲಿಲ್ಲ. 1965ರಲ್ಲಿ "ರಿಟೈರ್ ಆದ ಮೇಲೆ ನೋಡೋಣ" ಎಂದಿದ್ದರೆ ಆ 'ಮೇಲೆ' ಬರುತ್ತಲೇ ಇರಲಿಲ್ಲ.

ಹೊರನಾಡಿನಲ್ಲಿ ಹಳಬರಾದ ನಮ್ಮಲ್ಲಿ ಬಹಳ ಜನರ ಬಾಯಲ್ಲಿ ಈ 'ಮೇಲೆ' ಇದೆ. ಊರಿಗೆ ಹೋಗಿ ತೋಟ ಮಾಡುವುದು, ನಿಂತುಹೋದ ಹಾರ್ಮೋನಿಯಂ ಹಿಡಿಯುವುದು, ಅಜ್ಜನ ಮನೆ ರಿಪೇರಿ ಮಾಡಿಸುವುದು. ಎಲ್ಲವನ್ನೂ ಬಿಟ್ಟು ನಾಳೆಯೇ ಹೊರಡಿ ಎಂದು ನಾನು ಹೇಳುವವನಲ್ಲ, ಮ್ಯಾನ್ರಿಯೂ ಹಾಗೆ ಹೊರಟವನಲ್ಲ. ಏಳು ವರ್ಷ ಕೆರೆಯಲ್ಲಿ ಕಲಿತ. ಕೊಳೆತ ಹಲಗೆ ಬದಲಾಯಿಸಿದ. ಮನೆಯವಳಿಗೆ ಸತ್ಯ ಹೇಳಿದ. ಹಗ್ಗ ಕಟ್ಟಿಕೊಂಡ. ಆಮೇಲೆ ಹೊರಟ.

ದೊಡ್ಡ ಹಡಗು ಬರಲಿ ಎಂದು ಕಾಯುತ್ತಾ ಕೂರಲಿಲ್ಲ, ಅಷ್ಟೇ. ಮನೆಯಲ್ಲಿದ್ದ ದೋಣಿಯನ್ನೇ ಕಡಲಿಗೆ ತಕ್ಕಂತೆ ಮಾಡಿಕೊಂಡ.